ಬಳ್ಳಾರಿಯಾಗ ಕುಂತು ಸ್ಕಾಟ್ಲೆಂಡ್ ಪೇಪರ್ ಓದೋರು ಯಾರಾದ್ರೂ ಇದೀರಾ?

ಕೋಟೆ ಬಳ್ಳಾರಿ:
ಮೊದ್ಲು ನಗಬ್ಯಾಡ್ರಿ. ನಮ್ಮ ತಾತ ಶ್ಯಾನುಭೋಗರು, ಹೊಲದ ಮಾತು ಬಂದ್ರೆ ಸಾಕು ಮನ್ರೋ ಸಾಹೇಬನ ಕಥೆ ಶುರು ಮಾಡೋರು, 1800ರಾಗ ನಿಜಾಮ ನಮ್ ಸೀಮೆ ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರ್ ಆಗಿ ಬಂದೋನು, ಏಳು ವರ್ಷ ಡೇರೆ ಹೊತ್ಕೊಂಡು ಊರೂರು ತಿರುಗಿ ರೈತರ ಹೆಸರಿಗೇ ಕಂದಾಯ ಗೊತ್ತು ಮಾಡಿದೋನು ಅಂತ. ಮೊನ್ನೆ ಮೊನ್ನೆ ಗೊತ್ತಾಯ್ತು ಆತ ಗ್ಲಾಸ್ಗೋದೋನು ಅಂತ, 1761ರಾಗ ಹುಟ್ಟಿದ್ದು. ಅವತ್ತಿಂದ ಹುಚ್ಚು ಹಿಡಿದೈತೆ. ಬೆಳಗ್ಗೆ ಚಾ ಕುಡ್ಕೊಂತ ಗ್ಲಾಸ್ಗೋದ ಹೆರಾಲ್ಡು, ಎಡಿನ್‌ಬರೋದ ಸ್ಕಾಟ್ಸ್‌ಮನ್ನು ಮೊಬೈಲಾಗೆ ತೆಗಿತೀನಿ. ಒಂದು 1783ದ್ದು, ಇನ್ನೊಂದು 1817ದ್ದು, ಹಳೇ ವಿಷಯ ಸಿಗ್ತೈತೆ ಅನ್ಕೊಂಡ್ರೆ ಅರ್ಧಕ್ಕರ್ಧ ರೇಂಜರ್ಸ್ ಸೆಲ್ಟಿಕ್ ಫುಟ್ಬಾಲ್ ಜಗಳ. ಇನ್ನೂ ವಿಚಿತ್ರ ಅಂದ್ರೆ ಮನ್ರೋ ಅಂತ ಹಾಕಿ ಹುಡುಕಿದ್ರೆ ಯಾರೋ ಹೆಂಗಸು ಮಂಜಿನಾಗ ನಾಯಿ ಹಿಡ್ಕೊಂಡು ನಿಂತಿರೋ ಫೋಟೋ ಬರ್ತೈತೆ, "ನಲವತ್ತು ಮನ್ರೋ ಆಯ್ತು" ಅಂತ. ಏನಿದು? ಇತಿಹಾಸ ಬೇಕಂದ್ರೆ ಯಾವ ಪೇಪರ್ ಓದ್ಬೇಕು?

ರಾಯಚೂರು ಮಾಸ್ತರ್:
ಆ ಮನ್ರೋ ನಿಮ್ಮ ತಾತನ ಮನ್ರೋ ಅಲ್ಲ ತಮ್ಮಾ 😄 ಸ್ಕಾಟ್ಲೆಂಡಿನಾಗ 3000 ಅಡಿ ದಾಟಿದ ಗುಡ್ಡಕ್ಕ ಮನ್ರೋ ಅಂತಾರ. ಹ್ಯೂ ಮನ್ರೋ ಅಂತ ಬ್ಯಾರೆ ಮನಿಷಾ, 1891ರಾಗ ಪಟ್ಟಿ ಮಾಡಿದ, ಈಗ 282 ಅವ. ಒಂದೊಂದೇ ಹತ್ತಿ ಗೀಟು ಹಾಕ್ಕೋತ ಹೋಗೋದು ಅಲ್ಲಿನ ಮಂದಿಗೆ ಚಟ. ಆ ಲೆಕ್ಕದಾಗ ಸಂಡೂರಿನ ರಾಮನದುರ್ಗನೂ ಒಂದು ಮನ್ರೋನೇ, ಅದೂ 3000 ಅಡಿ ದಾಟ್ತದ.
ನಿಮ್ಮ ಥಾಮಸ್ ಮನ್ರೋ ಮುಂದ ಮದ್ರಾಸ್ ಗವರ್ನರ್ ಆಗಿ, 1827ರ ಜುಲೈದಾಗ ಪತ್ತಿಕೊಂಡದಾಗ ಕಾಲರಾ ಬಂದು ಸತ್ತ. ಮಂತ್ರಾಲಯದಾಗ ಬೃಂದಾವನದ ಮುಂದ ನಿಂತು ರಾಯರ ಜೋಡಿ ಮಾತಾಡಿದ, ಬ್ಯಾರೆ ಯಾರಿಗೂ ಕೇಳಿಸ್ಲಿಲ್ಲ ಅಂತ ನಮ್ಮ ಕಡೆ ಈಗ್ಲೂ ಹೇಳ್ತಾರ. ಇದನ್ನ ಗ್ಲಾಸ್ಗೋ ಪೇಪರಿನಾಗ ಹುಡುಕಬ್ಯಾಡ್ರಿ, ಮಂತ್ರಾಲಯಕ್ಕೇ ಹೋಗಿ ಕೇಳ್ರಿ.

ಆನೆಗೊಂದಿ ಅಕ್ಕ:
ದೊಡ್ಡೂರಿನ ಪೇಪರ್ ಬಿಡ್ರಿ, ಸಣ್ಣೂರಿಂದು ಹಿಡೀರಿ. ನಾನು ಸ್ಟಾರ್ನೋವೇ ಗೆಜೆಟ್ ನೋಡ್ತೀನಿ, ಯಾಕಂದ್ರ 1799ರಾಗ ನಮ್ಮ ಹಂಪಿ ನಕ್ಷೆ ಬರೆಸಿದ ಕಾಲಿನ್ ಮೆಕೆಂಜಿ ಆ ಊರಾಂವ, ಲೂಯಿಸ್ ಅನ್ನೋ ದ್ವೀಪದಾಗ ಐತಿ. ಆ ಪೇಪರ್ ನೋಡಿದ್ರ ಹಡಗು ಬಂತಾ ಇಲ್ಲಾ, ಗಾಳಿ ಎಷ್ಟೈತಿ, ಯಾರು ತೀರಿಕೊಂಡ್ರು, ಇಂಥಾವೇ. ನನಗ ಅದೇ ಚಲೋ ಅನಿಸ್ತೈತಿ, ತೀರಿಕೊಂಡೋರ ಸುದ್ದಿಯೊಳಗ ಮೂರು ತಲಿ ಇತಿಹಾಸ ಇರ್ತೈತಿ.
ಸ್ಕೈ ದ್ವೀಪದ ವೆಸ್ಟ್ ಹೈಲ್ಯಾಂಡ್ ಫ್ರೀ ಪ್ರೆಸ್ಸೂ ನೋಡ್ರಿ, 1972ರಾಗ ಶುರುವಾಗಿದ್ದು. ಅದರ ಧ್ಯೇಯವಾಕ್ಯ ಅಲ್ಲಿನ ಹಳೇ ನುಡಿ ಗೇಲಿಕ್ಕಿನಾಗ ಐತಿ, ಅರ್ಥ ಏನಂದ್ರ ನೆಲ, ನುಡಿ, ಜನ! ಓದಿ ನಮ್ಮವ್ರೇ ಯಾರೋ ಬರದಾರ ಅನಿಸ್ತು. ಜನವರಿ ಕಡೀ ಮಂಗಳವಾರ ಶೆಟ್ಲ್ಯಾಂಡ್ ಟೈಮ್ಸ್ ತಪ್ಪಿಸಬ್ಯಾಡ್ರಿ, ಲೆರ್ವಿಕ್ಕಿನಾಗ ಪಂಜು ಹಿಡಕೊಂಡು ಮೆರವಣಿಗಿ ಮಾಡಿ ಹಡಗು ಸುಡ್ತಾರ, ಥೇಟ್ ಕಾಮಣ್ಣನ ಸುಟ್ಟಂಗ.

ಹೊಸಪೇಟೆ ಸೀನ:
ಹಳೇದು ಪುಕ್ಕಟೆ ಬೇಕಂದ್ರೆ ಸ್ಕಾಟ್ಲೆಂಡ್ ಬಿಟ್ಟು ನ್ಯೂಜಿಲೆಂಡಿಗೆ ಹೋಗ್ರಿ, ತಮಾಷೆ ಅಲ್ಲ. ಹಳೇ ಪೇಪರ್ ಓದೋ ವೆಬ್‌ಸೈಟ್‌ಗಳಾಗ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಓದಾಕೆ ದುಡ್ಡು ಬೇಕು, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಆಸ್ಟ್ರೇಲಿಯಾದ ಟ್ರೋವ್ ಎರಡೂ ಫ್ರೀ. ಡುನೆಡಿನ್ ಅನ್ನೋ ಊರು 1848ರಾಗ ಸ್ಕಾಟ್ಲೆಂಡಿನ ಫ್ರೀ ಚರ್ಚ್ ಮಂದಿ ಹೋಗಿ ಕಟ್ಟಿದ್ದು, ಎಡಿನ್‌ಬರೋಕ್ಕೆ ಗೇಲಿಕ್ಕಾಗಿರೋ ಹೆಸರೇ ಅದು. ಅಲ್ಲಿಂದ ಬರ್ತಿದ್ದ ಒಟಾಗೋ ವಿಟ್ನೆಸ್ ವಾರಪತ್ರಿಕೆ 1851ರಿಂದ 1932ರ ತನಕ ಓದಾಕೆ ಸಿಗ್ತೈತೆ. ಊರು ಬಿಟ್ಟೋರು ನೋಡ್ರಿ, ಊರಿನ ಸುದ್ದಿ ಅಂದ್ರೆ ಬಾಯಿ ಬಿಡೋರು, ನಮ್ಮ ಚಿಕ್ಕಪ್ಪ ಬೆಂಗಳೂರಿಂದ ಫೋನ್ ಮಾಡಿ ಮೊದ್ಲು ಕೇಳೋದು ಡ್ಯಾಮ್ ತುಂಬೈತಾ ಅಂತ, ಆಮ್ಯಾಲೆ ನಮ್ ಯೋಗಕ್ಷೇಮ.
ಒಂದು ಕಿವಿಮಾತು, ನಮ್ಮೂರು ಹುಡುಕೋದಿದ್ರೆ ಈಗಿನ ಸ್ಪೆಲ್ಲಿಂಗ್ ಹಾಕಬ್ಯಾಡ್ರಿ, ಅದು 2014ರಾಗ ಬದಲಾಗಿದ್ದು. ಬಿ ಇ ಡಬಲ್ ಎಲ್ ಎ ಆರ್ ವೈ ಅಂತ ಹಾಕ್ರಿ. ಅದರಾಗೂ ಕಂಪ್ಯೂಟರ್ ಹಳೇ ಅಕ್ಷರ ತಪ್ಪು ಓದಿರ್ತೈತೆ, ಬರ್ಲಿಲ್ಲ ಅಂದ್ರೆ ಇಸವಿ ಹಿಡ್ಕೊಂಡು ಪುಟ ಪುಟ ನೋಡಿ.

ಕೋಟೆ ಬಳ್ಳಾರಿ:
ಎಲ್ರಿಗೂ ದೊಡ್ಡ ನಮಸ್ಕಾರ. ರಾತ್ರಿ ಎರಡಾಯ್ತು, ಇನ್ನೂ ಒಟಾಗೋ ವಿಟ್ನೆಸ್ಸಾಗೇ ಇದೀನಿ, ನಮ್ಮಾಕಿ ಎರಡ್ ಸಲ ಬಂದು ಲೈಟ್ ಆರಿಸಿ ಹೋದ್ಲು. ಅಕ್ಕಾ, ಸ್ಟಾರ್ನೋವೇದ್ದು ನಾಳೆ. ಮಾಸ್ತರೇ, ಭಾನುವಾರ ನಿಮ್ಮ ಮನ್ರೋ ಹತ್ತೋಣ, ಗಾಡಿ ನಂದು, ಒಗ್ಗರಣೆ ಮಿರ್ಚಿ ನಿಮ್ದು.