ಡಾಕ್ಟರನ್ನು ಕೇಳಿ: ಮಿದುಳಿನ ರಕ್ತನಾಳ ಮತ್ತು ನಿಮ್ಮ ಸ್ಕ್ಯಾನ್ ರಿಪೋರ್ಟ್

ಹಾಸನದ ಮೇಷ್ಟ್ರು: ಮೇಡಂ, ತಲೆಸುತ್ತು ಅಂತ ಎಂಆರ್ ಆಂಜಿಯೋ ಮಾಡಿಸಿದೆ. 'ಬಲ ವರ್ಟಿಬ್ರಲ್ ಹೈಪೋಪ್ಲಾಸ್ಟಿಕ್' ಅಂತಿದೆ. ಬ್ಲಾಕ್ ಆಗಿದೆಯಾ?

ಡಾಕ್ಟರ್ (ನರರೋಗ ತಜ್ಞೆ): ಇಲ್ಲ ಮೇಷ್ಟ್ರೇ, ಹುಟ್ಟಿನಿಂದಲೇ ಸಣ್ಣ. ಕುತ್ತಿಗೆ ಹಿಂದಿನಿಂದ ಏರುವ ಈ ಜೋಡಿ ನಾಳ ಸಮ ಇರುವವರೇ ಕಡಿಮೆ. ಜಾಸ್ತಿ ಜನರಿಗೆ ಎಡಗಡೆಯದೇ ದಪ್ಪ. ತಲೆಸುತ್ತು ಕಿವಿಯಿಂದಲೂ ಬರಬಹುದು, ಒಮ್ಮೆ ಕಿವಿ ತೋರಿಸಿ.

ದಾವಣಗೆರೆ ಅಂಗಡಿಯವ: ನನಗೆ 'ಸರ್ಕಲ್ ಆಫ್ ವಿಲ್ಲಿಸ್ ಅಪೂರ್ಣ' ಅಂತೆ. ರಾತ್ರಿ ನಿದ್ದೆ ಇಲ್ಲ.

ಡಾಕ್ಟರ್: ನಿದ್ದೆ ಮಾಡಿ. ವಿಲ್ಲಿಸ್ 1664ರಲ್ಲಿ ತೋರಿಸಿದ, ಮಿದುಳಿನ ಬುಡದಲ್ಲಿರುವ ಆ ನಾಳಗಳ ಉಂಗುರ ಪುಸ್ತಕದಲ್ಲಿರುವ ಹಾಗೆ ಅರ್ಧದಷ್ಟು ಜನರಿಗೂ ಇರುವುದಿಲ್ಲ. ಕುತ್ತಿಗೆಯ ಕೆರೋಟಿಡ್ ನಾಳ ಮುಚ್ಚಿಕೊಂಡಾಗ, ಇಲ್ಲವೇ ಆಪರೇಶನ್‌ನಲ್ಲಿ ಅದನ್ನು ಹಿಡಿದಿಡಬೇಕಾದಾಗ ರಕ್ತಕ್ಕೆ ಬಳಸುದಾರಿಯಾಗಿ ಆ ಉಂಗುರ ಲೆಕ್ಕಕ್ಕೆ ಬರುತ್ತದೆ.

ಸಾಗರದ ಸೊಸೆ: ಅತ್ತೆಗೆ 61 ವರ್ಷ. ಹಿಂದೆ ತಲೆನೋವಿಗೆ ಮಾಡಿಸಿದ ಸ್ಕ್ಯಾನ್‌ನಲ್ಲಿ 'ಬಲಗಡೆ ಫೀಟಲ್ ಪಿಸಿಎ. ಪಿಕಾಂ ಬುಡದಲ್ಲಿ 3 ಮಿ.ಮೀ. ಉಬ್ಬು, ಇನ್‌ಫಂಡಿಬುಲಮ್?' ಅಂತಿತ್ತು. ನಿನ್ನೆ ಸಂಜೆಯಿಂದ ಬಲಗಣ್ಣಿನ ರೆಪ್ಪೆ ಜೋತುಬಿದ್ದಿದೆ, ಎಲ್ಲಾ ಎರಡೆರಡು ಕಾಣುತ್ತದಂತೆ. ಸೋಮವಾರ ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಸಾಕಾ?

ಡಾಕ್ಟರ್: ಸಾಲದಮ್ಮ. ಈಗಲೇ ಹೊರಡಿ. ಶಿವಮೊಗ್ಗವೋ ಮಣಿಪಾಲವೋ, ನ್ಯೂರೋಸರ್ಜನ್ ಇದ್ದಾರಾ ಅಂತ ದಾರಿಯಲ್ಲೇ ಫೋನ್ ಮಾಡಿ. ಕಾರಣ ಹೇಳುತ್ತೇನೆ, ಕಾರಲ್ಲಿ ಕೂತು ಓದಿ.

ಪಿಸಿಎ ಅಂದರೆ ಮಿದುಳಿನ ಹಿಂಭಾಗದ ನಾಳ, ಪಿಕಾಂ ಅಂದರೆ ಅದನ್ನು ಕೆರೋಟಿಡ್‌ಗೆ ಜೋಡಿಸುವ ನಾಳ. ಗರ್ಭದಲ್ಲಿ ಮಿದುಳಿನ ಹಿಂಭಾಗಕ್ಕೂ ರಕ್ತ ಕೆರೋಟಿಡ್‌ನಿಂದಲೇ ಹೋಗುತ್ತದೆ. ಆಮೇಲೆ ವರ್ಟಿಬ್ರಲ್ ಜೋಡಿ ಸೇರಿ ಆಗುವ ಬೇಸಿಲರ್ ನಾಳ ಆ ಕೆಲಸ ವಹಿಸಿಕೊಳ್ಳುತ್ತದೆ. ಕೆಲವರಲ್ಲಿ ಹಳೇ ದಾರಿಯೇ ಉಳಿಯುತ್ತದೆ, ಅದೇ ಫೀಟಲ್ ಪಿಸಿಎ. ಅದು ರೋಗವಲ್ಲ. ನನಗೆ ಚಿಂತೆ ಆ ಉಬ್ಬಿನದು. ಇನ್‌ಫಂಡಿಬುಲಮ್ ಅಂದರೆ ನಾಳದ ಬುಡ ಸ್ವಲ್ಪ ಅಗಲ ಇರುವುದು, ಸಾಮಾನ್ಯವಾಗಿ ನಿರಪಾಯ. ಅನ್ಯೂರಿಸಂ ಅಂದರೆ ನಾಳದ ಗೋಡೆ ಸೋತು ಉಬ್ಬಿದ ಗುಳ್ಳೆ, ಅದು ಒಡೆಯಬಹುದು. 3 ಮಿ.ಮೀ. ಅಂದರೆ ಎರಡರ ಗಡಿ. ರಿಪೋರ್ಟ್ ಬರೆದವರು ಪ್ರಶ್ನೆ ಚಿಹ್ನೆ ಹಾಕಿದ್ದು ಸುಮ್ನೆ ಅಲ್ಲ.

ಅದರ ಪಕ್ಕದಲ್ಲೇ ಮೂರನೇ ನರ ಹೋಗುತ್ತದೆ. ರೆಪ್ಪೆ ಎತ್ತುವುದು, ಪಾಪೆ ಕುಗ್ಗಿಸುವುದು ಅದೇ. ಪಾಪೆಯ ಎಳೆಗಳು ನರದ ಹೊರಮೈಯಲ್ಲಿವೆ. ಉಬ್ಬು ಒತ್ತಿದರೆ ಅವಕ್ಕೇ ಮೊದಲ ಪೆಟ್ಟು. ಸಕ್ಕರೆ ಕಾಯಿಲೆಯಿಂದ ಇದೇ ನರ ಸೋತರೆ ಪಾಪೆ ಹೆಚ್ಚಾಗಿ ಸರಿಯಾಗಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ಬಲಪಾಪೆ ಕುಗ್ಗುತ್ತದಾ? ಕುಗ್ಗಿದರೂ ಹೋಗಲೇಬೇಕು. ಹಳೇ ಸಿಡಿ ಮರೆಯಬೇಡಿ. ನಿಮ್ಮ ಅತ್ತೆಗೆ ಬಲಗಡೆ ಮಿದುಳಿನ ಹಿಂಭಾಗದ ರಕ್ತ ಬಹುಪಾಲು ಆ ಪಿಕಾಂ ನಾಳದಿಂದಲೇ. ಆಪರೇಶನ್‌ನಲ್ಲಿ ಅದನ್ನು ಉಳಿಸಲೇಬೇಕು ಅಂತ ಸರ್ಜನ್‌ಗೆ ಮೊದಲೇ ಗೊತ್ತಾಗಲಿ.

ಪುತ್ತೂರು ಭಟ್ರು: ಹೊರಡುವ ಮೊದಲು ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ಎರಡು ಹನಿ ರಕ್ತ ತೆಗೆಯಿರಿ. ಲಕ್ವಕ್ಕೆ ಚೀನಾದವರ ಮದ್ದು. ಫಾರ್ವರ್ಡ್ ಹಾಕಿದ್ದೇನೆ.

ಡಾಕ್ಟರ್: ಯಾರೂ ಚುಚ್ಚಬೇಡಿ. ಬೆರಳಿಗೂ ಮಿದುಳಿನ ನಾಳಕ್ಕೂ ಸಂಬಂಧವೇ ಇಲ್ಲ. ಆಸ್ಪಿರಿನ್ನೂ ಕೊಡಬೇಡಿ. ಅಡ್ಮಿನ್, ಅದನ್ನು ತೆಗೀರಿ.

ಪುತ್ತೂರು ಭಟ್ರು: ನಮ್ಮ ಭಾವನಿಗೆ ಗುಣ ಆಗಿದೆ ಡಾಕ್ಟ್ರೇ.

ದಾವಣಗೆರೆ ಅಂಗಡಿಯವ: ತಾನಾಗೇ ಹೋಗಿರುತ್ತೆ ಭಟ್ರೇ. ಕ್ರೆಡಿಟ್ ಸೂಜಿಗೆ.

ಪುತ್ತೂರು ಭಟ್ರು: ನೀವು ಅಂಗಡಿ ನೋಡಿಕೊಳ್ಳಿ ಮಾರಾಯ್ರೆ.

ದಾವಣಗೆರೆ ಅಂಗಡಿಯವ: ನೋಡ್ಕೊಳ್ತೀನಿ, ಸೂಜಿನೂ ಮಾರ್ತೀನಿ. ಬೇಕಾ?

ತುಮಕೂರಿನಿಂದ: ಮಾವ ಎಬ್ಬಿಸಿದರೂ ಏಳುತ್ತಿರಲಿಲ್ಲ. ಸಿಟಿ ನಾರ್ಮಲ್ ಬಂತು. ಆಮೇಲೆ ಎಂಆರ್‌ಐನಲ್ಲಿ ಮಿದುಳಿನ ಒಳಗಿನ ಎರಡೂ ಥಲಾಮಸ್‌ಗೆ ಪೆಟ್ಟು, 'ಪರ್ಷೆರಾನ್ ಆರ್ಟರಿ' ಅಂದರು. ಒಂದೇ ಕವಲಿಂದ ಎರಡೂ ಕಡೆಗೆ ರಕ್ತ ಅಂತೆ. ಇದು ವಂಶಪಾರಂಪರ್ಯವಾ?

ಮಂಡ್ಯದಿಂದ: ನನಗೂ ವರ್ಟಿಬ್ರಲ್ ಹೈಪೋಪ್ಲಾಸ್ಟಿಕ್ ಮೇಡಂ, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಗದಗದಿಂದ: ಹೈಪೋಪ್ಲಾಸ್ಟಿಕ್ ಅಂದ್ರ ಏನ್ರಿ?

ಡಾಕ್ಟರ್: ಮೊದಲನೇ ಉತ್ತರ. ಸಾಗರದವರು ಹೊರಟರಾ?

ಪುತ್ತೂರು ಭಟ್ರು: ಬೆಳ್ಳುಳ್ಳಿ ಕಷಾಯವಾದರೂ ಕೊಡಬಹುದಲ್ವಾ?

ಡಾಕ್ಟರ್: ಭಟ್ರೇ, ದಯವಿಟ್ಟು ಸುಮ್ಮನಿರಿ.

ಸಾಗರದ ಸೊಸೆ: ಆನಂದಪುರ ದಾಟಿದೆವು ಮೇಡಂ. ಬಲಪಾಪೆ ದೊಡ್ಡದಿದೆ, ಟಾರ್ಚ್ ಬಿಟ್ಟರೂ ಹಾಗೇ ಇದೆ.

ಡಾಕ್ಟರ್: ಎಮರ್ಜೆನ್ಸಿಯಲ್ಲಿ ಮೊದಲ ಮಾತು ಅದೇ ಹೇಳಿ: ರೆಪ್ಪೆ ಬಿದ್ದಿದೆ, ಪಾಪೆ ಕುಗ್ಗುತ್ತಿಲ್ಲ, ಸಿಟಿ ಆಂಜಿಯೋ ಬೇಕು. ಬಾಯಿಗೆ ಏನೂ ಕೊಡಬೇಡಿ. ನನ್ನ ನಂಬರ್ ನಿಮಗೆ ಕಳಿಸಿದ್ದೇನೆ, ಅಲ್ಲಿನ ಡಾಕ್ಟರಿಗೆ ಕೊಡಿ.

ಮಂಡ್ಯದಿಂದ: ಮೇಡಂ, ಮೇಲೆ ಅಂದ್ರೆ ಎಲ್ಲಿ?