ಮಂಡಿ ಬದಲಿಸಿಕೊಂಡ ಅತ್ತೆಯವರಿಗೆ ಹಲ್ಲು ಕೀಳಿಸಬಹುದೇ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ಡಾಕ್ಟರೇ, ನಮಸ್ಕಾರ. ನಮ್ಮ ಅತ್ತೆಯವರಿಗೆ 68 ವರ್ಷ. 14 ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮತ್ತು ದಿನಕ್ಕೊಂದು ಸಣ್ಣ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೂರು ವರ್ಷಗಳ ಹಿಂದೆ ಬಲ ಮಂಡಿಯ ಬದಲಿ ಶಸ್ತ್ರಚಿಕಿತ್ಸೆ ಆಗಿದೆ. ಈಗ ಕೆಳದವಡೆಯ ಎರಡು ಹಲ್ಲುಗಳು ಅಲ್ಲಾಡುತ್ತಿದ್ದು, ಕೀಳಿಸಬೇಕೆಂದು ಇಲ್ಲಿಯ ದಂತವೈದ್ಯರು ಹೇಳಿದ್ದಾರೆ. ಹಲ್ಲು ಕೀಳಿಸಿದರೆ ಹೊಸ ಮಂಡಿಗೆ ಕೀವು ಇಳಿಯುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಮಾತ್ರೆಗಳನ್ನು ಒಂದು ವಾರ ನಿಲ್ಲಿಸಬೇಕೇ?

ಉತ್ತರ: ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಜವಾದ ಅಪಾಯವಿರುವುದು ಅಲ್ಲಿ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ದೇಹವು ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿಬಿಟ್ಟಿರುತ್ತದೆ. ಅದನ್ನು ಹಠಾತ್ತನೆ ಬಿಟ್ಟು ಹಲ್ಲು ಕೀಳಿಸಲು ಕುಳಿತರೆ ರಕ್ತದೊತ್ತಡ ಕುಸಿದು ರೋಗಿ ಕುರ್ಚಿಯಲ್ಲೇ ಬಳಲಬಹುದು. ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕಿ ಕೀಲಿನ ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟನ್ನೂ ಒಂದೆರಡು ಹಲ್ಲು ಕೀಳಿಸುವುದಕ್ಕಾಗಿ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಆದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮತ್ತು ಮೂತ್ರಪಿಂಡದ ಇತ್ತೀಚಿನ ರಕ್ತಪರೀಕ್ಷೆಯ ವರದಿ ದಂತವೈದ್ಯರ ಕೈಯಲ್ಲಿರಬೇಕು, ಕೀಲುರೋಗ ತಜ್ಞರಿಗೂ ಒಂದು ಫೋನ್ ಹೋಗಬೇಕು.

ಹಲ್ಲು ಕಿತ್ತ ಮೇಲೆ ಬರೆದುಕೊಡುವ ಔಷಧಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಅಮಾಕ್ಸಿಸಿಲಿನ್ ಜಾತಿಯ ಆ್ಯಂಟಿಬಯೋಟಿಕ್‌ಗಳು ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನು ನಿಧಾನಗೊಳಿಸಬಲ್ಲವು. ಟ್ರೈಮೆಥೊಪ್ರಿಮ್ ಸೇರಿದ ಆ್ಯಂಟಿಬಯೋಟಿಕ್ ಅಂತೂ ಇದರ ಜೊತೆಗೆ ಕೂಡದು, ಏಕೆಂದರೆ ಎರಡೂ ಸೇರಿ ಮೂಳೆಮಜ್ಜೆಯನ್ನು ಸೊರಗಿಸುತ್ತವೆ. ಕೀಲುನೋವಿಗೆಂದು ಈಗಾಗಲೇ ಒಂದು ನೋವುನಿವಾರಕ ನಡೆಯುತ್ತಿದ್ದರೆ, ಅದರ ಮೇಲೆ ಹಲ್ಲುನೋವಿಗೆ ಅದೇ ಬಗೆಯ ಇನ್ನೊಂದನ್ನು ಮೆಡಿಕಲ್ ಅಂಗಡಿಯಿಂದ ತಂದು ಕೊಡಬೇಡಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಭಾರ. ಹಾಗೆಯೇ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಮನೆಯಲ್ಲಿ ಹೊಸ ಮಾತ್ರೆಗಳ ಚೀಟಿ ಬಂದಾಗ ಗೊಂದಲವಾಗಿ ಇದನ್ನು ದಿನವೂ ನುಂಗಿದವರನ್ನು ನಾನು ಕಂಡಿದ್ದೇನೆ. ಬಾಯಿತುಂಬ ಹುಣ್ಣಾಗಿ ನೀರು ಕುಡಿಯಲಾರದೆ ಅವರು ಬಂದಿದ್ದರು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ವಾರದ ಆ ಒಂದು ದಿನಕ್ಕೆ ಕೆಂಪು ಗುರುತು ಹಾಕಿಡಿ.

ಇನ್ನೊಂದು ವಿಷಯವನ್ನು ದಯವಿಟ್ಟು ಕೇಳಿ ತಿಳಿಯಿರಿ. ಸ್ಟೀರಾಯ್ಡ್‌ನಿಂದ ಮೂಳೆ ಸವೆಯದಿರಲಿ ಎಂದು ಅತ್ತೆಯವರಿಗೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆಯನ್ನೋ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ಪನ್ನೋ ಕೊಟ್ಟಿದ್ದಾರೆಯೇ? ಈ ಔಷಧಿ ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆಮೂಳೆ ಮಾಯದೆ ಸಾಯುವುದುಂಟು. 2003ರಿಂದ ವೈದ್ಯಲೋಕಕ್ಕೆ ಇದು ತಿಳಿದಿದೆ. ಮೂಳೆಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ಅಪರೂಪವಾದರೂ, ಬಂದರೆ ತಿಂಗಳುಗಟ್ಟಲೆ ಕಾಡುತ್ತದೆ. ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವ ಡ್ರಿಪ್ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಹಳೆಯ ಫೈಲನ್ನೇ ತೆಗೆದುಕೊಂಡು ಹೋಗಿ.

ಮಂಡಿಯ ಭಯಕ್ಕೆ ಉತ್ತರ ಚಿಕ್ಕದು. ಬದಲಿ ಕೀಲು ಇರುವವರಿಗೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಆ್ಯಂಟಿಬಯೋಟಿಕ್ ಕೊಡುವ ಪದ್ಧತಿ ಹಿಂದೆ ಇತ್ತು. ಸಾಮಾನ್ಯವಾಗಿ ಅದರ ಅಗತ್ಯವಿಲ್ಲವೆಂದು ಅಮೆರಿಕದ ದಂತವೈದ್ಯರ ಸಂಘದ 2015ರ ಮಾರ್ಗಸೂಚಿ ಹೇಳುತ್ತದೆ. ಅತ್ತೆಯವರ ರೋಗನಿರೋಧಕ ಶಕ್ತಿ ಔಷಧಿಯಿಂದ ತಗ್ಗಿರುವುದರಿಂದ, ಅವರ ಮಂಡಿ ಶಸ್ತ್ರಚಿಕಿತ್ಸಕರನ್ನು ಒಮ್ಮೆ ಕೇಳುವುದು ಒಳ್ಳೆಯದು. ಅಲ್ಲಾಡುವ, ಕೀವಾಡುವ ಹಲ್ಲನ್ನು ಹೆದರಿಕೊಂಡು ಬಾಯಲ್ಲೇ ಇಟ್ಟುಕೊಳ್ಳುವುದು ಮಂಡಿಗೆ ಹೆಚ್ಚು ಅಪಾಯ.

ಪ್ರಶ್ನೆ (ಅದೇ ಸದಸ್ಯೆ): ಬೆಳಿಗ್ಗೆ ಅವರ ಬೆರಳುಗಳು ಮಡಚುವುದೇ ಇಲ್ಲ. ಬಾಯಿಯೂ ಪೂರ್ತಿ ತೆರೆಯುವುದಿಲ್ಲ, ಒಣ ಚಪಾತಿ ನುಂಗಲು ನೀರು ಬೇಕೇ ಬೇಕು. ಇದಕ್ಕೂ ಹಲ್ಲಿಗೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇದೆ, ನೀವು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಕಿವಿಯ ಮುಂದಿರುವ ದವಡೆಯ ಕೀಲಿಗೂ ಸಂಧಿವಾತ ತಗಲುತ್ತದೆ. ನುಂಗಲು ನೀರು ಬೇಕಾಗುವುದು ಜೊಲ್ಲು ಕಡಿಮೆಯಾಗಿರುವ ಲಕ್ಷಣ. ಸಂಧಿವಾತದ ಜೊತೆಗೆ ಬರುವ, ಬಾಯಿ ಮತ್ತು ಕಣ್ಣು ಒಣಗಿಸುವ ಶೋಗ್ರೆನ್ ಕಾಯಿಲೆಯನ್ನು ತಜ್ಞರು ಪರೀಕ್ಷಿಸಬೇಕು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ವಸಡಿಗೆ ಸೇರುವ ಅಂಚಿನಲ್ಲೇ ಹುಳುಕು ಹಿಡಿಯುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಬಳಸಲಿ, ಗುಟುಕು ಗುಟುಕಾಗಿ ನೀರು ಕುಡಿಯಲಿ, ಒಣಗುತ್ತದೆಂದು ಪೆಪ್ಪರಮಿಂಟು ಚೀಪುವುದು ಬೇಡ.

ಬೆರಳಿಗೆ ಒಂದು ಸುಲಭ ಉಪಾಯವಿದೆ. ಸೈಕಲ್ ಅಂಗಡಿಯಿಂದ ಹ್ಯಾಂಡಲಿನ ರಬ್ಬರ್ ಹಿಡಿಯೊಂದನ್ನು ತಂದು, ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ಅದರೊಳಗೆ ಬಿಗಿಯಾಗಿ ತೂರಿಸಿ. ಬೆರಳು ಪೂರ್ತಿ ಮಡಚದಿದ್ದರೂ ಹಸ್ತದಿಂದಲೇ ಹಿಡಿಯಬಹುದು. ಹಣವಿದ್ದರೆ ವಿದ್ಯುತ್ ಬ್ರಷ್ ಇನ್ನೂ ಉತ್ತಮ. ಅದರ ಹಿಡಿ ದಪ್ಪ, ಕೈ ಆಡಿಸುವ ಕೆಲಸವೂ ಇಲ್ಲ. ಚಿಕಿತ್ಸೆಗೆ ಬೆಳಗಿನ ಬಿಗಿತ ಇಳಿದ ಮೇಲೆ, ಹನ್ನೊಂದರ ನಂತರ ಸಮಯ ಕೇಳಿ. ಲೋಕಲ್ ರೈಲಿನ ನೂಕುನುಗ್ಗಲೂ ಆಗ ಕಡಿಮೆ. ಹಳೆಯ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕಟ್ಟು ಸಡಿಲವಾಗಿರಬಹುದು, ಆದ್ದರಿಂದ ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸದೆ ದಿಂಬು ಕೊಟ್ಟು ಕೂರಿಸಲು ಹೇಳಿ.

ಪ್ರಶ್ನೆ (ಪುಣೆಯ ಸದಸ್ಯರು): ವಸಡಿಗೆ ಚಿಕಿತ್ಸೆ ಮಾಡಿಸಿದರೆ ಸಂಧಿವಾತವೇ ಹೋಗುತ್ತದೆಂದು ವಾಟ್ಸಾಪ್‌ನಲ್ಲಿ ಓದಿದೆ. ನಮ್ಮ ತಾಯಿಗೂ ಈ ಕಾಯಿಲೆಯಿದೆ. ಬ್ರಷ್ ಹಿಡಿಯಲಾಗದೆ ಮಿಶ್ರಿಯಿಂದ ಹಲ್ಲುಜ್ಜುತ್ತಾರೆ.

ಉತ್ತರ: ಹೋಗುವುದಿಲ್ಲ, ಆದರೆ ಸಂಬಂಧ ಸುಳ್ಳಲ್ಲ. ವಸಡಿನ ರೋಗ ತರುವ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಕಿಣ್ವವು ಪ್ರೋಟೀನುಗಳ ರೂಪವನ್ನು ಬದಲಿಸಬಲ್ಲದು. ಸಂಧಿವಾತದ ಅನೇಕ ರೋಗಿಗಳ ರಕ್ತದಲ್ಲಿ, ಇಂಥ ಬದಲಾದ ಪ್ರೋಟೀನುಗಳ ವಿರುದ್ಧವೇ ಎದ್ದ ಪ್ರತಿಕಾಯಗಳು ಕಾಣುತ್ತವೆ. ಸಂಧಿವಾತ ಪತ್ತೆಗೆ ಮಾಡಿಸುವ ಆ್ಯಂಟಿ-ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಅವನ್ನೇ. ವಸಡು ಶುಚಿಗೊಳಿಸಿದ ಮೇಲೆ ಕೀಲಿನ ಉರಿಯೂತ ಸ್ವಲ್ಪ ತಗ್ಗಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ಕಂಡಿವೆ. ಕೀಲಿನ ಔಷಧಿಗೆ ಇದು ಬದಲಿಯಲ್ಲ, ಜೊತೆಗಾರ.

ಮಿಶ್ರಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳಬೇಕು. ಅದು ಹುರಿದ ಹೊಗೆಸೊಪ್ಪಿನ ಪುಡಿ. ವಸಡನ್ನು ಕೆಡಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡಬಲ್ಲದು. ಬೆರಳಿನಿಂದ ಉಜ್ಜುವುದು ಸುಲಭವೆಂದು ತಾಯಿಯವರು ಅದನ್ನು ಹಿಡಿದಿರಬಹುದು, ಹಾಗಾಗಿ ಬೈಯಬೇಡಿ. ಮೇಲೆ ಹೇಳಿದ ದಪ್ಪ ಹಿಡಿಯ ಬ್ರಷ್ಷನ್ನು ನೀವೇ ಮಾಡಿ, ಪೇಸ್ಟ್ ಹಚ್ಚಿ ಅವರ ಕೈಗೆ ಕೊಡಿ. ಮೊದಲ ಕೆಲವು ದಿನ ಪಕ್ಕದಲ್ಲಿ ನಿಂತಿರಿ.