ಹೊಲ ಕಾಯುವ ಬಂದೂಕಿಗೆ ಯಾವ ಬೋರ್, ಯಾವ ತೋಟಾ?

ಪ್ರಶ್ನೆ (ಸಂಡೂರು ತಾಲ್ಲೂಕಿನ ರೈತರೊಬ್ಬರಿಂದ):

ಆರ್ಮರರ್ ಸಾಹೇಬರಿಗೆ ನಮಸ್ಕಾರ. ದರೋಜಿ ಕಡೆಯ ಗುಡ್ಡದ ಬುಡದಲ್ಲಿ ನಮ್ಮದು ಆರು ಎಕರೆ ಹೊಲವಿದೆ. ಮಸಾರಿಯಲ್ಲಿ ಶೇಂಗಾ, ಎರೆಯಲ್ಲಿ ಮೆಕ್ಕೆಜೋಳ ಹಾಕುತ್ತೇವೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಹಿಂಡಾಗಿ ಇಳಿದು, ಒಂದೇ ರಾತ್ರಿಯಲ್ಲಿ ಅರ್ಧ ಎಕರೆಯನ್ನು ನೇಗಿಲು ಹೊಡೆದಂತೆ ಮಾಡಿ ಹೋಗುತ್ತವೆ. ತಂದೆಯವರ ಹೆಸರಿನಲ್ಲಿ ಅಜ್ಜನ ಕಾಲದ ಒಂದು ಕೇಪಿನ ಬಂದೂಕು ಮತ್ತು ಒಂದು ಹಳೆಯ ಜೋಡುನಳಿಗೆಯ ಬಂದೂಕು ಇದ್ದವು. ಅವರು ತೀರಿಕೊಂಡ ಮೇಲೆ ಎರಡನ್ನೂ ಠಾಣೆಗೆ ಒಪ್ಪಿಸಿದ್ದೇವೆ. ಈಗ ನನ್ನ ಹೆಸರಿಗೆ ಪರವಾನಗಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಗೆಳೆಯರು, ಹಳೆಯದನ್ನು ಬಿಡು, .315 ರೈಫಲ್ ತೆಗೆದುಕೋ, ಗುಂಡು ದೊಡ್ಡದಾದಷ್ಟೂ ಹಂದಿ ಬೇಗ ಬೀಳುತ್ತದೆ ಎನ್ನುತ್ತಾರೆ. ಈ .315, 12 ಬೋರ್ ಎಂಬ ನಂಬರುಗಳ ಅರ್ಥವೇನು, ನನ್ನ ಹೊಲಕ್ಕೆ ಯಾವುದು ಸರಿ ಎಂದು ತಿಳಿಸಿಕೊಡಬೇಕು.

ಉತ್ತರ:

ನಮಸ್ಕಾರ. ಮೂವತ್ತು ವರ್ಷ ಶಸ್ತ್ರಾಗಾರದಲ್ಲಿ ಬಂದೂಕು ಬಿಚ್ಚಿ ಜೋಡಿಸಿದವನಾಗಿ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಬಂದೂಕಿನ ಪರವಾನಗಿ ಬೇರೆ, ಹಂದಿಯನ್ನು ಹೊಡೆಯುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಬೇಟೆಗೆ ಅವಕಾಶವಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದ್ದು, ನಿಂತ ಬೆಳೆಗೆ ಅಪಾಯ ಒಡ್ಡುತ್ತಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರಿಂದ ಅಧಿಕಾರ ಪಡೆದ ಅಧಿಕಾರಿಯಾಗಲಿ 11ನೇ ಸೆಕ್ಷನ್ ಅಡಿ ಲಿಖಿತ ಅನುಮತಿ ಕೊಡಬಹುದು. ಹಾಗೆ ಅನುಮತಿ ಪಡೆದು ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತೇ ಹೊರತು ನಿಮ್ಮದಲ್ಲ. ಆದ್ದರಿಂದ ಬಂದೂಕು ಕೈಗೆ ಬಂದಿತೆಂದು ಆ ರಾತ್ರಿಯೇ ಹೊಲಕ್ಕೆ ಹೊರಡಬೇಡಿ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಬೆಳೆಹಾನಿಯ ಅರ್ಜಿಯನ್ನೂ ಅನುಮತಿಯ ಅರ್ಜಿಯನ್ನೂ ಒಟ್ಟಿಗೆ ಕೊಡಿ.

ಇನ್ನು ನಂಬರುಗಳ ವಿಷಯ. ರೈಫಲ್‌ನಲ್ಲಿ ಚುಕ್ಕೆಯ ಮುಂದೆ ಬರುವ ಅಂಕಿ ಇಂಚಿನ ಲೆಕ್ಕದ್ದು. .315 ಎಂದರೆ ಸುಮಾರು 8 ಮಿ.ಮೀ., .22 ಎಂದರೆ ಸುಮಾರು 5.6 ಮಿ.ಮೀ. ಚರೆ ಹಾರಿಸುವ ಬಂದೂಕಿನ ಲೆಕ್ಕ ಬೇರೆಯೇ ಇದೆ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ, ಅಂಥ ಒಂದು ಉಂಡೆ ಸರಿಯಾಗಿ ಕೂರುವ ನಳಿಗೆಯೇ 12 ಬೋರ್. ಅದರ ಅಗಲ ಸುಮಾರು 18.5 ಮಿ.ಮೀ. ಹೀಗಾಗಿ 16 ಬೋರ್ 12ಕ್ಕಿಂತ ಚಿಕ್ಕದು. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಬರೆಯುತ್ತಾರೆ. ನಮ್ಮವರಿಗೆ ಇದನ್ನು ಬಂಗಾರದಂಗಡಿಯ ಲೆಕ್ಕದಲ್ಲಿ ಹೇಳುವುದು ಸುಲಭ: ಹಳೆಯ ಒಂದು ತೊಲ ಎಂದರೆ ಸರಿಯಾಗಿ 180 ಗ್ರೇನ್, ಅಂದರೆ 11.66 ಗ್ರಾಂ. .315ರ ಗುಂಡು 244 ಗ್ರೇನ್ ತೂಗುತ್ತದೆ, ಅಂದರೆ ಒಂದೂಕಾಲು ತೊಲಕ್ಕೂ ಮಿಗಿಲು.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಗುಂಡು ಎಷ್ಟು ದೊಡ್ಡದು ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಪ್ರಾಣಿಯನ್ನು ತಪ್ಪಿದ ಗುಂಡು, ಅಥವಾ ಪ್ರಾಣಿಯನ್ನು ಹಾಯ್ದು ಹೊರಬಿದ್ದ ಗುಂಡು, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಮೊದಲು ಕೇಳಬೇಕಾದದ್ದು. ಸಣ್ಣದೆಂದು ಎಲ್ಲರೂ ಹಗುರವಾಗಿ ಕಾಣುವ .22 ಗುಂಡು ಕೂಡ ಒಂದು ಮೈಲಿಯಾಚೆಗೂ ಅಪಾಯಕಾರಿ; .315ರ ಗುಂಡು ಅದಕ್ಕಿಂತಲೂ ದೂರ ಹೋಗುತ್ತದೆ. ನಮ್ಮ ಬಳ್ಳಾರಿ ಸೀಮೆಯ ಎರೆಹೊಲ ಅಂಗೈಯಂತೆ ಸಪಾಟಾಗಿರುತ್ತದೆ. ಮೊಣಕಾಲೆತ್ತರದ ಬದುವನ್ನು ಬಿಟ್ಟರೆ ಗುಂಡನ್ನು ತಡೆಯುವುದು ಯಾವುದೂ ಇರುವುದಿಲ್ಲ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ತನಿಖೆಗೆಂದು ಬಂದ ಒಂದು ರೈಫಲ್ ಜೊತೆಗೆ ಪಂಪ್‌ಸೆಟ್ ಶೆಡ್ಡಿನ ತಗಡಿನ ತುಂಡೊಂದನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದರು. ತಗಡಿನ ಒಂದು ಮುಖದಲ್ಲಿ ಕಿರುಬೆರಳು ಹಿಡಿಸುವಷ್ಟು ದುಂಡನೆಯ ತೂತು, ಇನ್ನೊಂದು ಮುಖದಲ್ಲಿ ಅದೇ ತೂತಿನ ಅಂಚು ಹೂವಿನ ಎಸಳಿನಂತೆ ಹೊರಕ್ಕೆ ಚಾಚಿಕೊಂಡಿತ್ತು. ಹಂದಿಗೆಂದು ಹಾರಿಸಿದ ಗುಂಡು ಎರಡು ಹೊಲಗಳನ್ನು ದಾಟಿ ಆ ಶೆಡ್ಡಿಗೆ ಹೊಕ್ಕಿತ್ತು. ರಾತ್ರಿ ತ್ರೀಫೇಸ್ ಕರೆಂಟ್ ಬರುವುದನ್ನು ಕಾಯುತ್ತ ಒಳಗೆ ಮಲಗಿದ್ದ ಹುಡುಗನ ತಲೆಯಿಂದ ಒಂದು ಗೇಣು ಮೇಲೆ ಅದು ಹಾದುಹೋಗಿತ್ತು. ಹಾರಿಸಿದವರು ಒಳ್ಳೆಯ ಗುರಿಕಾರರೇ ಆಗಿದ್ದರು. ಹಂದಿಯ ಹಿಂದೆ ಏನಿದೆ ಎಂಬುದು ಮಾತ್ರ ಕತ್ತಲಲ್ಲಿ ಅವರಿಗೆ ಕಂಡಿರಲಿಲ್ಲ. ನಮ್ಮ ಹೊಲಗಳಲ್ಲಿ ರಾತ್ರಿ ನೀರು ಹಾಯಿಸುವವರು ಇಲ್ಲದ ದಿಕ್ಕೇ ಇಲ್ಲವೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಆದ್ದರಿಂದ ನಿಮ್ಮ ಹೊಲಕ್ಕೆ 12 ಬೋರ್ ಚರೆಬಂದೂಕೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೂಡ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಮದ್ದು ತುಂಬುವ ಕೇಪಿನ ಬಂದೂಕನ್ನು. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕಿಗೆ ಅನುಮತಿ ಕೊಡಬಹುದು ಎನ್ನುತ್ತದೆ. .315 ಒಳ್ಳೆಯ ರೈಫಲ್ ಅಲ್ಲವೆಂದು ನಾನು ಹೇಳುತ್ತಿಲ್ಲ. ಗುಂಡನ್ನು ನುಂಗುವ ಗುಡ್ಡವೊಂದು ಹಿಂದೆ ಇರುವ ಕಡೆ, ಹಗಲು ಬೆಳಕಿನಲ್ಲಿ, ಅದು ನಂಬಿಗಸ್ತ ಆಯುಧ. ಆದರೆ ರಾತ್ರಿ ಹೊತ್ತಿನ ಸಪಾಟು ಹೊಲಕ್ಕೆ ಅದು ಹೊಂದುವುದಿಲ್ಲ.

ಮರುಪ್ರಶ್ನೆ (ಅದೇ ರೈತರಿಂದ):

ನಿಮ್ಮ ಮಾತು ಮನಸ್ಸಿಗೆ ಹಿಡಿಯಿತು, ಸಾಹೇಬರೇ. ಹಾಗಾದರೆ ತಂದೆಯವರ ಜೋಡುನಳಿಗೆಯೇ 12 ಬೋರಿನದು. ಅದನ್ನೇ ನನ್ನ ಹೆಸರಿಗೆ ಮಾಡಿಸಿಕೊಂಡರೆ ಸಾಕೇ? ತೋಟಾ ಯಾವ ನಂಬರಿನದು ತರಬೇಕು?

ಉತ್ತರ:

ಮಾಡಿಸಿಕೊಳ್ಳಬಹುದು, ವಾರಸುದಾರರಿಗೆ ಕಾನೂನಿನಲ್ಲಿ ಆ ಅವಕಾಶವಿದೆ. ಆದರೆ ಒಂದೇ ಒಂದು ತೋಟಾ ಹಾರಿಸುವ ಮೊದಲು ಪರವಾನಗಿ ಇರುವ ಬಂದೂಕು ದುರಸ್ತಿಗಾರರಿಂದ ಎರಡು ಸಂಗತಿಗಳನ್ನು ನೋಡಿಸಲೇಬೇಕು.

ಒಂದು, ತೋಟಾ ಕೂರುವ ಕೋಣೆಯ ಉದ್ದ. ಹಳೆಯ ಬಂದೂಕುಗಳಲ್ಲಿ ಅದು 65 ಮಿ.ಮೀ. ಇರುವುದುಂಟು, ಈಗಿನ ತೋಟಾಗಳು ಬಹುಪಾಲು 70 ಮಿ.ಮೀ.ನವು. ಇಲ್ಲಿ ಮೋಸಹೋಗುವುದು ಬಲು ಸುಲಭ, ಏಕೆಂದರೆ ಬಾಯಿ ಮಡಿಚಿರುವ ಹೊಸ ತೋಟಾ ಹಳೆಯ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಮಾತ್ರ ಆ ಮಡಿಕೆ ಬಿಚ್ಚಿ, ಕೋಣೆಯಿಂದ ಮುಂದಕ್ಕೆ ಚಾಚಿ, ಚರೆ ಹೊರಹೋಗುವ ದಾರಿಯನ್ನೇ ಇಕ್ಕಟ್ಟು ಮಾಡುತ್ತದೆ. ಆಗ ಒಳಗಿನ ಒತ್ತಡ ಏರಿ ಹಳೆಯ ನಳಿಗೆ ಸೀಳಬಹುದು, ಮತ್ತು ಸೀಳುವ ಆ ಜಾಗಕ್ಕೆ ಹತ್ತಿರದಲ್ಲೇ ನಿಮ್ಮ ಎಡಗೈ ಇರುತ್ತದೆ.

ಎರಡು, ನಳಿಗೆಯ ಉಕ್ಕು. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ, ಅಲೆಅಲೆಯಾದ ಚಿತ್ತಾರ ಕಂಡರೆ ಅದು ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲಕ್ಕೆ ಮಾಡಿದ ಅಂಥ ನಳಿಗೆಯಲ್ಲಿ ಈಗಿನ ಹೊಗೆರಹಿತ ಮದ್ದಿನ ತೋಟಾ ಹಾರಿಸಬಾರದು. ಅದನ್ನು ಅಜ್ಜನ ನೆನಪಾಗಿ ಜೋಪಾನ ಮಾಡಿ.

ತೋಟಾದ ಆಯ್ಕೆ ಸರಳ. 6ನೇ ನಂಬರಿನಲ್ಲಿ ಒಂದು ಔನ್ಸಿಗೆ ಸುಮಾರು 270 ಚರೆಗಳಿರುತ್ತವೆ. ಅದು ಹಂದಿಯನ್ನು ಕೊಲ್ಲುವುದಿಲ್ಲ, ಹುಣ್ಣಾಗಿಸಿ ನರಳಿಸುತ್ತದೆ. ಎಲ್.ಜಿ., ಎಸ್.ಜಿ. ಎಂಬವು ದಪ್ಪ ಗುಂಡುಗಳ ತೋಟಾಗಳು: ಎಲ್.ಜಿ.ಯಲ್ಲಿ ಒಂದು ಔನ್ಸಿಗೆ ಆರು, ಎಸ್.ಜಿ.ಯಲ್ಲಿ ಎಂಟು ಗುಂಡುಗಳು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಯಾವುದು ಎಂಬುದನ್ನು ನಿಮ್ಮ ನಳಿಗೆಯೇ ಹೇಳಬೇಕು. ಪರವಾನಗಿ ಇರುವ ಗುರಿಅಭ್ಯಾಸದ ಜಾಗದಲ್ಲಿ, 25 ಮೀಟರ್ ದೂರದ ದೊಡ್ಡ ಕಾಗದಕ್ಕೆ ಎರಡನ್ನೂ ಮೂರು ಮೂರು ಸಲ ಹಾರಿಸಿ ನೋಡಿದರೆ ಯಾವುದರ ಗುಂಡುಗಳು ಒತ್ತಾಗಿ ಬೀಳುತ್ತವೆ ಎಂಬುದು ಕಾಣುತ್ತದೆ. ನಳಿಗೆಯ ತುದಿ ಬಿಗಿಯಾಗಿದ್ದರೆ, ಅಂದರೆ ಫುಲ್ ಚೋಕ್ ಇದ್ದರೆ, ಒಂಟಿ ಉಂಡೆಯ ತೋಟಾವನ್ನು ಅದರಲ್ಲಿ ಹಾಕಲೇಬೇಡಿ.

ದೂರದ ಬಗ್ಗೆಯೂ ಹೇಳಿಬಿಡುತ್ತೇನೆ. ಎಲ್.ಜಿ. ಹಂದಿಯ ಮೇಲೆ ಕೆಲಸ ಮಾಡುವುದು 25-30 ಮೀಟರ್ ಒಳಗೆ ಮಾತ್ರ. ಆದರೆ ತಪ್ಪಿದ ಎಲ್.ಜಿ. ಗುಂಡು 700 ಮೀಟರ್ ಆಸುಪಾಸಿನವರೆಗೂ ಹಾರಬಲ್ಲದು, ಹಾಗಾಗಿ ಚರೆಬಂದೂಕೆಂದು ಮೈಮರೆಯುವಂತಿಲ್ಲ. ಇದಕ್ಕೆ ನಮ್ಮ ಹಿರಿಯರ ಅಟ್ಟಣಿಗೆಯೇ ಮದ್ದು. ಎರಡಾಳೆತ್ತರದ ಅಟ್ಟಣಿಗೆಯಿಂದ ಕೆಳಮುಖವಾಗಿ ಹಾರಿಸಿದ ಗುಂಡು ಹಂದಿಯನ್ನು ತಪ್ಪಿದರೂ ಕೆಲವೇ ಗಜಗಳಲ್ಲಿ ಮಣ್ಣಿಗೆ ಇಳಿಯುತ್ತದೆ. ಮೆತ್ತನೆಯ ಎರೆಮಣ್ಣು ಗುಂಡನ್ನು ನುಂಗುತ್ತದೆ. ಗುಡ್ಡದ ಬುಡದ ಬಂಡೆಗಲ್ಲು ಅದನ್ನು ದಿಕ್ಕು ತಪ್ಪಿಸಿ ಕಳುಹಿಸುತ್ತದೆ, ಆದ್ದರಿಂದ ಅಟ್ಟಣಿಗೆಯನ್ನು ಬಂಡೆಯ ಕಡೆಗೆ ಮುಖ ಮಾಡಿ ಕಟ್ಟಬೇಡಿ.

ದರೋಜಿ ಕಡೆಯವರಾದ್ದರಿಂದ ನಿಮಗೆ ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕರಡಿಧಾಮವಾಗಿ 1994ರಲ್ಲಿ ಘೋಷಣೆಯಾದ ಆ ಕಾಡಿನ ಕರಡಿಗಳು ಮೆಕ್ಕೆಜೋಳಕ್ಕೂ ಶೇಂಗಾಕ್ಕೂ ಹೊಲಕ್ಕೆ ಬರುತ್ತವೆ. ತಲೆ ತಗ್ಗಿಸಿ ನೆಲ ಕೆದರುತ್ತಿರುವ ಕರಡಿ ಕತ್ತಲಲ್ಲಿ ಹಂದಿಯಂತೆಯೇ ಕಾಣುತ್ತದೆ, ಮತ್ತು ಕರಡಿ ಮೊದಲನೆಯ ಅನುಸೂಚಿಯ ಪ್ರಾಣಿ. ಟಾರ್ಚ್ ಬೆಳಕಿನಲ್ಲಿ ಮೂತಿಯೂ ಕಾಲೂ ಸ್ಪಷ್ಟವಾಗಿ ಕಾಣುವವರೆಗೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಹತ್ತಿರ ಹೋಗಬಾರದು.

ಪ್ರಶ್ನೆ (ಕೊಪ್ಪಳದ ಶಿಕ್ಷಕಿಯೊಬ್ಬರಿಂದ):

ಸರ್, ನನ್ನ ತಮ್ಮ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಸಹೋದ್ಯೋಗಿಗಳು ಜಿಂಕೆ ಬೇಟೆಗೆ ಕರೆಯುತ್ತಿದ್ದಾರಂತೆ. .243, .308, .30-06 ಎಂಬ ಮೂರರಲ್ಲಿ ಯಾವ ರೈಫಲ್ ಕೊಳ್ಳಲಿ ಎಂದು ಕೇಳುತ್ತಿದ್ದಾನೆ. ಅವನು ಈವರೆಗೆ ಬಂದೂಕು ಮುಟ್ಟಿದವನಲ್ಲ.

ಉತ್ತರ:

ಅಲ್ಲಿ ಜಿಂಕೆ ಬೇಟೆಗೆ ಕಾನೂನಿನ ಅವಕಾಶವಿದೆ, ಆದರೆ ಕಟ್ಟುಪಾಡುಗಳೂ ಇವೆ. 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರು ಟೆಕ್ಸಾಸ್‌ನಲ್ಲಿ ಬೇಟೆಗಾರರ ಶಿಕ್ಷಣ ಪಡೆಯಬೇಕು. ನಿಮ್ಮ ತಮ್ಮ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅಂಥವರು ಬಂದೂಕು ಹೊಂದುವುದನ್ನು ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ. ಕಾಗದಗಳೆಲ್ಲ ಸರಿಯಾಗುವ ತನಕ ಅವರು ಗೆಳೆಯರ ರೈಫಲ್ಲನ್ನು ಕೈಗೆತ್ತಿಕೊಳ್ಳುವುದೂ ಬೇಡ.

ಆಯ್ಕೆಯಲ್ಲಿ ನಾನು .243 ವಿಂಚೆಸ್ಟರ್ ಕಡೆಗೆ ಇದ್ದೇನೆ. 1955ರಲ್ಲಿ ಬಂದ ಈ ತೋಟಾವನ್ನು .308ರ ಕೊಳವೆಯ ಕುತ್ತಿಗೆಯನ್ನೇ ಕಿರಿದುಗೊಳಿಸಿ ಮಾಡಿದ್ದಾರೆ. 100 ಗ್ರೇನ್‌ನ, ಅಂದರೆ ಅರ್ಧ ತೊಲಕ್ಕಿಂತ ತುಸು ಹೆಚ್ಚಿನ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಲ್ಲಿಯ ಬಿಳಿಬಾಲದ ಜಿಂಕೆಗೆ ಅಷ್ಟು ಧಾರಾಳ. 1906ರಲ್ಲಿ ಸೇನೆಗಾಗಿ ರೂಪುಗೊಂಡು ಆ ವರ್ಷವನ್ನೇ ಹೆಸರಿನಲ್ಲಿ ಹೊತ್ತಿರುವ .30-06 ಇದಕ್ಕಿಂತ ಬಲಶಾಲಿ ನಿಜ, ಆದರೆ ಅದು ಭುಜಕ್ಕೆ ಕೊಡುವ ಒದೆತ ಹೆಚ್ಚುಕಡಿಮೆ ಇಮ್ಮಡಿ. ಹೊಸಬರು ಎರಡು ದಿನ ಒದೆಸಿಕೊಂಡರೆ ಮೂರನೆಯ ದಿನ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುತ್ತಾರೆ, ಬೆರಳು ಎಳೆಯುವ ಬದಲು ಕಿತ್ತುಕೊಳ್ಳುತ್ತದೆ. ಒಮ್ಮೆ ಕುಳಿತ ಆ ಅಂಜಿಕೆಯನ್ನು ಬಿಡಿಸುವುದು ಎಷ್ಟು ಕಷ್ಟ ಎಂಬುದನ್ನು ಪೊಲೀಸ್ ಹುಡುಗರಿಗೆ ಗುರಿ ಕಲಿಸುವಾಗ ಕಂಡಿದ್ದೇನೆ. ಹೊಟ್ಟೆಗೆ ಬಿದ್ದ ದೊಡ್ಡ ಗುಂಡಿಗಿಂತ ಎದೆಗೂಡಿಗೆ ಬಿದ್ದ ಸಣ್ಣ ಗುಂಡು ಪ್ರಾಣಿಯ ಸಂಕಟವನ್ನು ಬೇಗ ಮುಗಿಸುತ್ತದೆ. ಮುಂದೆ ದೊಡ್ಡ ಹಂದಿಗಳ ಬೇಟೆಗೂ ಹೋಗುವ ಯೋಚನೆ ಇದ್ದರೆ .308 ತೆಗೆದುಕೊಳ್ಳಲಿ.

ಪ್ರಶ್ನೆ (ರಾಯಚೂರಿನಿಂದ):

ನಮ್ಮೂರಿನಲ್ಲಿ ಒಬ್ಬರು ಹಳೆಯ .303 ರೈಫಲ್ಲನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಪರವಾನಗಿ ಆಮೇಲೆ ಮಾಡಿಸಿಕೊಂಡರಾಯಿತು ಎಂಬುದು ಅವರ ಮಾತು. ತೆಗೆದುಕೊಳ್ಳಬಹುದೇ?

ಉತ್ತರ:

ಮುಟ್ಟಲೂ ಬೇಡಿ. .303 ಮತ್ತು ಸೇನೆಯ 7.62 ಮಿ.ಮೀ. ತೋಟಾ ಹಾರಿಸಬಲ್ಲ ರೈಫಲ್‌ಗಳು ನಮ್ಮಲ್ಲಿ ನಿಷೇಧಿತ ಬೋರ್‌ಗಳು; ಮೇಲೆ ಹೇಳಿದ .308 ಕೂಡ ಇದೇ ಕಾರಣಕ್ಕೆ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಜಿಲ್ಲಾಧಿಕಾರಿಗಳು ಪರವಾನಗಿ ಕೊಡಲು ಬರುವುದಿಲ್ಲ, ಅದು ಕೇಂದ್ರ ಸರ್ಕಾರದ ಕೈಯಲ್ಲಿದೆ. ಪರವಾನಗಿ ಮೊದಲು, ಬಂದೂಕು ಆಮೇಲೆ. ಬೇರೆ ಕ್ರಮವೇ ಇಲ್ಲ. ಗುರಿಯ ಆಸೆಯೊಂದೇ ಇದ್ದರೆ 4.5 ಮಿ.ಮೀ. ಗಾಳಿರೈಫಲ್ ಇದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಆ ಬೋರಿನಲ್ಲೇ.

ಮರುಪ್ರಶ್ನೆ (ಸಂಡೂರಿನ ರೈತರಿಂದ):

ಸಾಹೇಬರೇ, ಕೊನೆಯದಾಗಿ ಒಂದು. ಬಂದೂಕು ನನ್ನ ಮೈಗೆ ಹೊಂದುತ್ತದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತಂದೆಯವರು ನನಗಿಂತ ಎತ್ತರದವರಾಗಿದ್ದರು.

ಉತ್ತರ:

ಒಳ್ಳೆಯ ಪ್ರಶ್ನೆ, ಇದನ್ನು ಕೇಳುವವರೇ ಕಡಿಮೆ. ದುರಸ್ತಿಗಾರರ ಬಳಿ ಹೋದಾಗ, ಎರಡೂ ನಳಿಗೆ ಖಾಲಿ ಇರುವುದನ್ನು ಅವರೂ ನೀವೂ ಕಣ್ಣಿಟ್ಟು ನೋಡಿದ ಮೇಲೆ, ಗೋಡೆಯ ಮೇಲಿನ ಒಂದು ಗುರುತನ್ನು ದಿಟ್ಟಿಸಿ. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಹಿಡಿಗೆ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ನಳಿಗೆ ಆ ಗುರುತಿನ ಮೇಲೇ ನಿಂತಿದ್ದರೆ ಅದು ನಿಮ್ಮ ಬಂದೂಕು. ಏರಿಸುವಾಗ ಹಿಡಿಯ ಹಿಂಬದಿ ಕಂಕುಳಲ್ಲಿ ಅಂಗಿಗೆ ಸಿಕ್ಕಿಕೊಂಡರೆ ಅದು ನಿಮಗೆ ಉದ್ದವಾಯಿತೆಂದು ಅರ್ಥ. ಚಳಿಗಾಲದ ರಾತ್ರಿ ಕಂಬಳಿ ಹೊದ್ದು ಅಟ್ಟಣಿಗೆಯಲ್ಲಿ ಕೂರುವವರು ನೀವಾದ್ದರಿಂದ ಈ ಪರೀಕ್ಷೆಯನ್ನು ಕಂಬಳಿ ಹೊದ್ದೇ ಮಾಡಿ. ಉದ್ದವಿದ್ದರೆ ಹಿಡಿಯ ಹಿಂಬದಿಯ ಮರವನ್ನು ಅರ್ಧ ಇಂಚು ಕೊಯ್ಯಿಸಬಹುದು. ಕೊಯ್ದ ತುಂಡನ್ನು ಎಸೆಯಬೇಡಿ. ನಿಮ್ಮ ಮಗ ಎತ್ತರ ಬೆಳೆದರೆ ಅದನ್ನೇ ಮತ್ತೆ ತಿರುಪು ಹಾಕಿ ಕೂರಿಸಿಕೊಳ್ಳಬಹುದು.